ಕೆಮ್ಮು ದುರ್ಗಿ

ಗಿರಣಿ ತಿರುಗುವಾಗ ಯಾರು ಕೂಗಿದರೂ ದುರ್ಗಾದೇವಿಗೆ ಕೇಳಿಸುತ್ತಿರಲಿಲ್ಲ. ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಒಮ್ಮೆಗೇ ನಗತೊಡಗಿದಾಗಲೇ ಅವಳು ತಲೆ ಎತ್ತಿದ್ದು. ಬಾಗಿಲಲ್ಲಿ ಹುಲಿಗೇಶ ನಿಂತಿದ್ದ. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಬ್ಬರಿ ಬಟ್ಟಲಿನ ಚೀಲ, ಅದರ ಮೇಲೊಂದು ಸೀರೆ. ಒಡಹುಟ್ಟಿದ ತಮ್ಮ, ಎಂಟು ವರ್ಷದಿಂದ ಅವಳು ಮುಖ ನೋಡದ ತಮ್ಮ.

"ಅಯ್ಯ, ಕೆಮ್ಮು ದುರ್ಗಿ ಬಂದಾಳ್ರೇ! ಟಿವಿಯಾಗಿನಕಿ!" ಅಂದಳು ಒಬ್ಬಳು, ಅವನತ್ತ ಬೆರಳು ತೋರಿಸಿ. ಜೋಳದ ಡಬ್ಬಿ ಕೆಳಗಿಟ್ಟು ಇನ್ನೊಬ್ಬಳು ಆಗಲೇ ಮೊಬೈಲು ಹೊರಗೆ ತೆಗೆದಿದ್ದಳು.

ಹುಲಿಗೇಶ ನಗಲಿಲ್ಲ. ಫೋಟೊಗೂ ನಿಲ್ಲಲಿಲ್ಲ. "ಅಕ್ಕಾ, ಪಂಚಮಿಗೆ ಕರಿಯಾಕ ಬಂದೀನಿ" ಎಂದು ಗಿರಣಿಯ ಸದ್ದಿಗಿಂತ ಗಟ್ಟಿಯಾಗಿ ಕೂಗಿದ. ದುರ್ಗಾದೇವಿ ಗಿರಣಿ ನಿಲ್ಲಿಸಲಿಲ್ಲ. ಬಂದವನು ಗಂಟಲು ಹರಿದುಕೊಳ್ಳಲಿ ಅಂತಲೇ ಸಾಲಿನಲ್ಲಿದ್ದವರ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಮುಗಿಸಿದಳು. ಅವನು ಹಿಟ್ಟಿನ ಧೂಳಲ್ಲಿ ನಿಂತೇ ಇದ್ದ. ಅವನ ತಲೆಯ ಮೇಲೆ ಗೋಡೆಗೆ ಹಳೆಯ ಬೋರ್ಡು ತೂಗುತ್ತಿತ್ತು: ಇಲ್ಲಿ ಖಾರ ಹಾಕುವುದಿಲ್ಲ.

ಸಿರುಗುಪ್ಪದಲ್ಲಿ ಖಾರ ಹಾಕದ, ಮೆಣಸಿನಕಾಯಿ ಪುಡಿ ಮಾಡಿಕೊಡದ ಗಿರಣಿ ಅದೊಂದೇ. ಖಾರದ ಮಷೀನು ಇಲ್ಲ ಎಂದು ದುರ್ಗಾದೇವಿ ಎಲ್ಲರಿಗೂ ಹೇಳುತ್ತಿದ್ದಳು. ಮಷೀನು ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಒಣಮೆಣಸಿನಕಾಯಿಯ ಘಾಟು ಮೂಗಿಗೆ ಹತ್ತಿದರೆ ಅವಳಿಗೆ ಕೆಮ್ಮು ಹತ್ತುತ್ತಿತ್ತು. ಹತ್ತಿದರೆ ಸುಮ್ಮನೆ ಬಿಡುವ ಕೆಮ್ಮಲ್ಲ ಅದು, ಎದೆಯನ್ನು ಕಿತ್ತು ಹೊರಗೆ ಹಾಕುವಂಥದ್ದು. ಗಂಡ ಮಾರೇಶ ಒಗ್ಗರಣೆಯ ಮೆಣಸಿನಕಾಯಿಯನ್ನು ಹಿತ್ತಲಲ್ಲಿ ತಾನೇ ಹುರಿದುಕೊಂಡು ಬರುತ್ತಿದ್ದ.

ಆ ಕೆಮ್ಮನ್ನೇ ತಮ್ಮ ಮಾರಿಕೊಂಡಿದ್ದ.

ಅವಳು ಅದನ್ನು ಮೊದಲು ನೋಡಿದ್ದು ಬಳ್ಳಾರಿಯಲ್ಲಿ, ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ. ದೀಪಾವಳಿಗೆ ಮಗಳು ಶೀಲಾಗೆ ಲಂಗದ ಬಟ್ಟೆ ಹರಿಸುತ್ತಿದ್ದಳು. ಅಂಗಡಿಯವನು ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಮೇಲಿನ ಟಿವಿ ನೋಡಿ ಬಿದ್ದು ಬಿದ್ದು ನಗುತ್ತಿದ್ದ. ಏನಪ್ಪ ಅಂತ ಇವಳೂ ತಲೆ ಎತ್ತಿದರೆ, ತಮ್ಮ! ಲಂಗ ದಾವಣಿ ಉಟ್ಟಿದ್ದ. ಎರಡು ಜಡೆ, ಕೆಂಪು ರಿಬ್ಬನ್ನು. ಒಣಗಲು ಹಾಕಿದ ಮೆಣಸಿನಕಾಯಿ ಕಾಯಲು ಕೂರಿಸಿದರೆ ನಿದ್ದೆ ಹೊಡೆದು ಮಳೆಗೆ ತೋಯಿಸಿದ ಹುಡುಗಿ ಅವನು. ದಪ್ಪ ಮೀಸೆಯ ಅಪ್ಪನೊಬ್ಬ ಬಂದು ಮೆಣಸಿನಕಾಯಿಯ ಹೊಗೆ ಹಾಕಿ ಕಂಬಳಿ ಮುಚ್ಚುತ್ತಿದ್ದ. ಕಂಬಳಿಯೊಳಗಿಂದ ಕೆಮ್ಮು ಬಂತು. ಮೊದಲು ಸಣ್ಣಗೆ, ಆಮೇಲೆ ಉಸಿರು ಸಿಕ್ಕಿಕೊಂಡು, ಕೊನೆಗೆ ನಾಯಿಮರಿ ಕುಂಯ್‌ಗುಟ್ಟಿದಂತೆ. ಅವಳದೇ ಕೆಮ್ಮು, ಒಂದು ಉಸಿರೂ ಹೆಚ್ಚುಕಡಿಮೆ ಇಲ್ಲ. "ಎಪ್ಪಾ, ಇನ್ನ ಮಲಗಂಗಿಲ್ಲಪೋ!" ಅಂತ ಹುಡುಗಿ ಕಂಬಳಿಯಿಂದ ಹಾರಿ ಬಂದು ಕುಣಿದಾಗ ಪರದೆಯ ಮೇಲಿನ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹುಡುಗಿಯ ಹೆಸರು ದುರ್ಗಿ ಅಂತಲೇ ಇಟ್ಟಿದ್ದ. ಬೇರೆ ಹೆಸರು ಇಡುವಷ್ಟು ಮರ್ಯಾದೆಯೂ ಅವನಿಗೆ ಉಳಿದಿರಲಿಲ್ಲ.

ಆಮೇಲೆ ಎಲ್ಲಿ ಹೋದರೂ ಅದೇ. ಆಟೋದವರು ಕೆಮ್ಮಿದರು, ಹೋಟೆಲಿನ ಹುಡುಗರು ಕೆಮ್ಮಿದರು. "ನಿಮ್ಮ ತಮ್ಮ ಎಷ್ಟು ನಗಸ್ತಾನ್ರೀ" ಎಂದು ಗಿರಣಿಗೆ ಬಂದವರು ಹೊಟ್ಟೆ ಹಿಡಿದುಕೊಂಡರು. ಒಂದು ಸಂಜೆ ಶೀಲಾ ಶಾಲೆಯಿಂದ ಬಂದವಳೇ ಹಾಸಿಗೆಯ ಚಾದರ ಹೊದ್ದು ಕೆಮ್ಮಿ ಕುಣಿದು, "ಎವ್ವಾ, ನೋಡಿಲ್ಲೆ, ಮಾವನಂಗ" ಅಂದಾಗ ದುರ್ಗಾದೇವಿ ಮಗಳ ಕೆನ್ನೆಗೆ ಹೊಡೆದಳು. ಹೊಡೆದ ಕೈಯನ್ನು ರಾತ್ರಿಯಿಡೀ ನೋಡಿಕೊಂಡು ಕೂತಳು. ಅವತ್ತಿನಿಂದ ತವರಿನ ದಾರಿ ಬಿಟ್ಟಳು.

ವರ್ಷವರ್ಷವೂ ನಾಗರಪಂಚಮಿಯ ದಿನ ಸಿರುಗುಪ್ಪದಲ್ಲೇ ನಾಗಪ್ಪನಿಗೆ ಹಾಲೆರೆಯುತ್ತಿದ್ದಳು. ಕೊಬ್ಬರಿ ಬಟ್ಟಲನ್ನು ಹಾಲಿನಲ್ಲಿ ಅದ್ದಿ ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಪಾಲು ಎರೆಯಬೇಕು: ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಹೀಗೆ. ತಮ್ಮನ ಪಾಲನ್ನು ಅವಳು ಎಂಟು ವರ್ಷವೂ ಬಿಟ್ಟಳು. ಅಪ್ಪನ ಪಾಲನ್ನು ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ. ಅಪ್ಪ ಅಂದರೆ ಅಪ್ಪ, ಅದರಲ್ಲಿ ಯೋಚಿಸುವುದೇನಿದೆ ಅಂದುಕೊಂಡಿದ್ದಳು.

ಕೊನೆಯ ಡಬ್ಬಿ ಹೋದ ಮೇಲೆ ದುರ್ಗಾದೇವಿ ಗಿರಣಿ ನಿಲ್ಲಿಸಿದಳು.

"ಎದಕ್ಕ ಬಂದಿ? ಕೆಮ್ಮು ಹಳೇದಾತೇನು? ಹೊಸಾದು ಬೇಕಾಗೈತೇನು?"

"ಆ ಆಟ ಬಿಟ್ಟೀನಿ ಅಕ್ಕಾ. ಇನ್ನ ಯಾವತ್ತೂ ಮಾಡಂಗಿಲ್ಲ." ಹುಲಿಗೇಶ ಚೀಲವನ್ನು ಕೆಳಗಿಡಲೂ ಧೈರ್ಯವಾಗದೆ ಹಿಡಿದೇ ನಿಂತಿದ್ದ. "ಹೋದ ತಿಂಗಳ ಚಾನೆಲ್ಲಿನವ್ರು ಕರದಿದ್ರು. ನಿಮ್ಮಕ್ಕನ್ನೂ ಕರಕೊಂಡು ಬಾ, ಸ್ಟೇಜಿನ ಮ್ಯಾಲ ಕಾಲು ಹಿಡಿ, ಜನ ಅಳ್ತಾರ ಅಂದ್ರು. ಆಗಂಗಿಲ್ಲ ಅಂದು ಎದ್ದು ಬಂದೆ."

"ಅತ್ರ ಒಂದು ರೇಟು, ನಕ್ರ ಒಂದು ರೇಟು! ಥೂ ನಿನ್ನ."

"ತಪ್ಪಾತಕ್ಕಾ."

"ಏನು ತಪ್ಪಾತು? ಹೇಳು. ಬಾಯಿ ಬಿಟ್ಟು ಹೇಳು." ಅವಳ ಒಡಕು ಧ್ವನಿ ಏರಿತು. "ಮೆಣಸಿನಕಾಯಿ ಕಾಯಾಕ ಅವತ್ತು ಅಪ್ಪ ಯಾರನ್ನ ಕೂರಿಸಿದ್ದ?"

ಹುಲಿಗೇಶ ಚೀಲ ಕೆಳಗಿಟ್ಟ. "ನನ್ನ" ಅಂದ.

"ಇಲ್ಲಿ ಅಂದ್ರ ಏನು ಬಂತು? ಇಲ್ಲಿ ನೀನು, ನಾನು, ಗಿರಣಿ. ತವರಾಗ, ಬಾದನಹಟ್ಟಿ ನಾಗಪ್ಪನ ಕಟ್ಟಿ ಮುಂದ, ಅಪ್ಪನ ಮುಂದ, ನಕ್ಕವ್ರ ಮುಂದ ಅನ್ನು. ಅಂತೀಯಂದ್ರ ಬರ್ತೀನಿ. ಇಲ್ಲಂದ್ರ ನಿನ್ನ ಕೊಬ್ಬರಿ ತಗೊಂಡು ಹಿಂಗ ಹಿಂದಕ್ಕ ನಡಿ."

ಅವನು ಚೀಲವನ್ನು ಅವಳ ಕಡೆ ಸರಿಸಿ, "ಅಂತೀನಿ, ಬಾ" ಅಂದ.

ತಮ್ಮನ ಕಾರಿನಲ್ಲಿ ಶೀಲಾಳನ್ನು ಮುಂದೆ ಕೂರಿಸಿ ದುರ್ಗಾದೇವಿ ಹಿಂದೆ ಕೂತಳು. ಕುರುಗೋಡಿನ ಬಸ್ ಸ್ಟ್ಯಾಂಡಿನ ಹತ್ತಿರ ಹೂವು ಕೊಳ್ಳಲು ನಿಲ್ಲಿಸಿದರೆ ಅಲ್ಲೂ ನಾಲ್ಕು ಹುಡುಗರು ಬಂದು ಕಿಟಕಿಗೆ ಮುಖ ಒತ್ತಿ ಕೆಮ್ಮಿದರು. ಹುಲಿಗೇಶ ಗಾಜು ಏರಿಸಿದ. ನೀನೇ ಬಿತ್ತಿದ್ದು, ನೀನೇ ತಿನ್ನು ಎಂದು ಅವಳು ಮನಸ್ಸಿನಲ್ಲೇ ಬೈದಳು.

"ಒಂದು ಮಾತು ಕೇಳ್ತೀನಿ" ಅಂದಳು, ಊರು ಹಿಂದಾದ ಮೇಲೆ. "ಅವತ್ತು ಕಂಬಳಿ ಒಳಗ ನಾ ಸಾಯಾಕತ್ತಿದ್ದೆ. ಹೊರಗ ನಿನ್ನ ನಗಿ ಕೇಳಿಸ್ತು. ಖರೇನ ನಕ್ಕಿಯೋ, ನನಗ ಹಂಗ ಕೇಳಿಸ್ತೋ?"

ಹುಲಿಗೇಶ ಗಾಡಿ ನಿಧಾನ ಮಾಡಿದ. "ನಕ್ಕೆ. ಅಪ್ಪ ನನ್ನ ಕಡೆ ನೋಡಿ ನಕ್ಕ. ನಾನೂ ನಗಲಿಲ್ಲಂದ್ರ ಕಂಬಳಿಯಾಗ ನನ್ನೂ ಹಾಕ್ತಾನ ಅನಿಸ್ತು. ಜೋರಾಗಿ ನಕ್ಕೆ ಅಕ್ಕಾ. ಅಪ್ಪಗ ಖುಷಿ ಆತು. ಆಮ್ಯಾಲ ದಿನಾ ಅವನ್ನ ನಗಸೂದಾ ನನ್ನ ಕೆಲಸ ಆತು. ಅಪ್ಪ ಕುಡದು ಬಂದ್ರ ಸಾಕು, ನಿನ್ನಂಗ ಕೆಮ್ಮಿ ತೋರಿಸ್ತಿದ್ದೆ. ಅವತ್ತ ನನಗ ಹೊಡೀತಿರಲಿಲ್ಲ."

ಶೀಲಾ ಮುಂದೆ ಅಲುಗಾಡದೆ ಕೂತಿದ್ದಳು. ದುರ್ಗಾದೇವಿಗೆ ಕಣ್ಣು ಉರಿದವು. ಆದರೆ ಕರಗಲು ಅವಳಿಗೆ ಮನಸ್ಸಿರಲಿಲ್ಲ.

"ಅವತ್ತು ನಿನಗ ಎಂಟು ವರ್ಷ. ಅವತ್ತಿಂದು ನಾ ಬಿಟ್ಟೆ, ತಗಾ" ಅಂದಳು. "ಟಿವಿಯಾಗ ಕುಣಿದಾಗ ನಿನಗ ಮೂವತ್ತು. ಅದನ್ನ ಏನು ಮಾಡಲಿ?"

ಅವನು ಗೇರು ಬದಲಿಸಿದ. ಗದ್ದೆಗಳ ನಡುವಿನ ರಸ್ತೆಯಲ್ಲಿ ಕಾರು ಓಡಿತು.

ಬಾದನಹಟ್ಟಿಯಲ್ಲಿ ಬೇವಿನ ಮರದ ಕೆಳಗಿನ ನಾಗರಕಟ್ಟೆಯ ಸುತ್ತ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಕಟ್ಟೆಯ ಒಂದು ತುದಿಯಲ್ಲಿ ಅಪ್ಪ ಗಾದೆಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು ಕಾಲಮೇಲೆ ಕಾಲು ಹಾಕಿ ಕೂತಿದ್ದ. ಮಗನ ಆಟ ಟಿವಿಯಲ್ಲಿ ಬಂದ ದಿನದಿಂದ ಊರಲ್ಲಿ ಅವನ ವಜನು ಏರಿತ್ತು. ಬಂದ ಬೀಗರಿಗೆಲ್ಲ, ಆ ಮೀಸಿ ಅಪ್ಪ ನಾನಾ ನೋಡ್ರಿ ಅನ್ನುತ್ತಿದ್ದ.

"ಬಂದೇನವಾ ದುರ್ಗಿ? ಸಿಟ್ಟು ಇಳೀತೇನು?" ಎಂದು ಗಾದೆಪ್ಪ ನಕ್ಕ. ಅವಳು ಸುಮ್ಮನೆ ತಲೆ ಬಗ್ಗಿಸಿದಳು. ವಯಸ್ಸು ನಲವತ್ತು ದಾಟಿದ್ದರೂ ಆ ನಗೆ ಕೇಳಿದರೆ ಅವಳ ತಲೆ ತಾನಾಗಿ ಬಗ್ಗುತ್ತಿತ್ತು.

ಯಾರೋ ನಾಗಪ್ಪನ ಮುಂದೆ ಊದುಬತ್ತಿಯ ಕಟ್ಟನ್ನೇ ಹಚ್ಚಿದ್ದರು. ಗಾಳಿ ಇತ್ತ ತಿರುಗಿ ಹೊಗೆ ಅವಳ ಮುಖಕ್ಕೆ ಬಂತು. ದುರ್ಗಾದೇವಿ ಸೆರಗು ಬಾಯಿಗೆ ಒತ್ತಿಕೊಂಡಳು, ಉಸಿರು ಬಿಗಿಹಿಡಿದಳು, ಆದರೂ ತಡೆಯಲಾಗಲಿಲ್ಲ. ಮೊದಲು ಸಣ್ಣಗೆ, ಆಮೇಲೆ ಉಸಿರು ಸಿಕ್ಕಿಕೊಂಡು, ಕೊನೆಗೆ ಆ ಕುಂಯ್.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಕಿಸಕ್ಕೆಂದಳು. ಅಷ್ಟೇ, ಇಡೀ ಕಟ್ಟೆಯೇ ನಗತೊಡಗಿತು. "ಅಕ್ಕಾನಾ ಮಾಡಿ ತೋರಿಸ್ತಾಳಲ್ರೇ! ಲೇ ಹುಲಿಗೆ, ನೀನೂ ಮಾಡೋ, ಇಬ್ರೂ ಕೂಡಿ ಮಾಡ್ರಿ!" ಅಂದಳು ಪಕ್ಕದ ಮನೆಯ ಮುದುಕಿ ಸುಂಕಮ್ಮ. ಯಾರೋ ತನ್ನ ಸೆರಗನ್ನೇ ಕಂಬಳಿಯಂತೆ ಹಿಡಿದಳು.

ಶೀಲಾ ಓಡಿಬಂದು ಅವ್ವನ ಬೆನ್ನು ಸವರಿದಳು. ದುರ್ಗಾದೇವಿಗೆ ಕೆಮ್ಮಿನ ನಡುವೆಯೇ ಮೈಯೆಲ್ಲ ಉರಿಯಿತು. ಇವರನ್ನೆಲ್ಲ ನಂಬಿ ಬಂದೆನಲ್ಲ, ನನಗೆ ಬುದ್ಧಿ ಎಲ್ಲಿ ಹೋಗಿತ್ತು ಅನ್ನಿಸಿತು.

ಹುಲಿಗೇಶ ಕಟ್ಟೆ ಹತ್ತಿದ. ಜನ ಸಿಳ್ಳೆ ಹಾಕಿದರು. ಅವಳು ಎದೆ ಹಿಡಿದುಕೊಂಡು ಅವನನ್ನೇ ನೋಡಿದಳು.

"ನಮ್ಮಪ್ಪ ಅಂಗಳದಾಗ ಮೆಣಸಿನಕಾಯಿ ಹಾಕಿದ್ದ" ಅಂದ. "ಮೋಡ ಆಗಿತ್ತು. ಕಾಯಾಕ ಒಬ್ರನ್ನ ಕೂರಿಸಿ ಹೋದ."

"ಯಾರನ್ನ? ದುರ್ಗೀನ!" ಎಂದು ನಾಲ್ಕಾರು ಬಾಯಿ ಒಟ್ಟಿಗೆ ಕೂಗಿದವು. ಆಟ ಎಲ್ಲರಿಗೂ ಬಾಯಿಪಾಠವಾಗಿತ್ತು.

"ಅಲ್ಲ. ನನ್ನ."

ನಗೆ ಇನ್ನೂ ಜೋರಾಯಿತು. ಹೊಸದು ತಂದಿದ್ದಾನೆ ಅಂದುಕೊಂಡರು. "ನಾನು ಬಿಟ್ಟು ಸುಂಕಮ್ಮತ್ತಿ ಮನಿಗೆ ಟಿವಿ ನೋಡಾಕ ಹೋದೆ" ಅಂದ. ಸುಂಕಮ್ಮ ತೊಡೆ ಬಡಿದುಕೊಂಡು ನಕ್ಕಳು. "ಖರೇನವಾ, ಇವನ ಕಾಟಕ್ಕ ನಮ್ಮ ಟಿವಿ ತಣ್ಣಗಾಗ್ತಿರಲಿಲ್ಲ!"

"ನಗಬ್ಯಾಡ್ರಿ!" ಎಂದು ಹುಲಿಗೇಶ ಚೀರಿದ. ಅದಕ್ಕೂ ನಕ್ಕರು. ಇವನು ಏನು ಅಂದರೂ ನಗುವುದು ಊರಿಗೆ ರೂಢಿಯಾಗಿತ್ತು, ರೂಢಿ ಮಾಡಿಸಿದವನೂ ಅವನೇ. ಅವನ ಮುಖದ ಮೇಲೆ ಬೆವರು ಇಳಿಯುತ್ತಿತ್ತು. ಆದರೂ ಅವನು ನಿಲ್ಲಿಸಲಿಲ್ಲ.

"ಮಳಿ ಬಂದು ಕಾಯಿ ತೋದ್ವು. ಅಕ್ಕ ಒಳಗ ರೊಟ್ಟಿ ಬಡೀತಿದ್ಲು. ಅಪ್ಪ ಕೇಳಿದಾಗ, ಅಕ್ಕನ ಪಾಳಿ ಇತ್ತು, ಮಲಗಿದ್ಲು ಅಂತ ಸುಳ್ಳು ಹೇಳ್ದೆ. ಅಪ್ಪ ಕೆಂಡದ ಮ್ಯಾಲ ಕಾಯಿ ಸುರುವಿ, ಅಕ್ಕನ ತಲಿ ಬಗ್ಗಿಸಿ ಕಂಬಳಿ ಹೊಚ್ಚಿದ. ಅವ್ವ ಹೊಲದಿಂದ ಓಡಿ ಬಂದು ತೆಗದಾಗ ಅಕ್ಕನ ಬಾಯಾಗ ರಕ್ತ ಬರಾಕತ್ತಿತ್ತು. ಕಣ್ಣು ಮ್ಯಾಲ ಹೋಗಿದ್ವು. ಅದನ್ನ ನಾ ಟಿವಿಯಾಗ ಹಾಕ್ಲಿಲ್ಲ. ಹಾಕಿದ್ರ ನೀವು ನಗ್ತಿರಲಿಲ್ಲ."

ಮುಂದಿನ ಸಾಲಿನ ನಗೆ ಮೊದಲು ನಿಂತಿತು, ಆಮೇಲೆ ಹಿಂದಿನವರದು. ಸುಂಕಮ್ಮನ ಕೈ ತೊಡೆಯ ಮೇಲೆಯೇ ಉಳಿಯಿತು. ಸೆರಗನ್ನು ಕಂಬಳಿ ಮಾಡಿದ್ದವಳು ಅದನ್ನು ಮೆಲ್ಲಗೆ ಹೊದ್ದುಕೊಂಡಳು. ಈಗ ಕಟ್ಟೆಯ ಮೇಲೆ ಒಂದೇ ನಗೆ ಕೇಳುತ್ತಿತ್ತು, ಗಾದೆಪ್ಪನದು.

"ಯಾರ್ದರ ಪಾಳಿ ಇರ್ಲಿ ತಗೋಳಲೇ" ಅಂದ ಅವನು, ಕಣ್ಣೊರೆಸಿಕೊಳ್ಳುತ್ತ. "ಒಬ್ರಿಗೆ ಹೊಗಿ ಹಾಕಬೇಕಾಗಿತ್ತು, ಹಾಕಿದೆ. ಹಾಕಿದ್ದಕ್ಕಾ ಅಲ್ಲೇನು ನೀ ಟಿವಿಗೆ ಹೋಗಿದ್ದು, ಕಾರು ತಗೊಂಡಿದ್ದು? ನನ್ನ ಪುಣ್ಯಾ ಉಣ್ಣಾಕತ್ತೀರಿ."

ದುರ್ಗಾದೇವಿ ಅಪ್ಪನನ್ನು ನೋಡಿದಳು. ತಲೆ ಬಗ್ಗಿಸದೆ ಅವಳು ಅವನನ್ನು ನೋಡಿದ್ದು ಅದೇ ಮೊದಲು. ಹಳದಿ ಹಲ್ಲು, ನೆರೆತ ಮೀಸೆ, ಕುಣಿಯುತ್ತಿದ್ದ ಕಾಲು. ಇಷ್ಟು ವರ್ಷ ಸಿಟ್ಟನ್ನೆಲ್ಲ ತಮ್ಮನ ಮೇಲೇ ಸುರಿದು ಈ ಮನುಷ್ಯನಿಗೆ ವರ್ಷವರ್ಷವೂ ಹಾಲೆರೆದಿದ್ದಳು. ಅದು ನೆನಪಾಗಿ ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಅವಳು ಶೀಲಾಳ ಕೈಯಿಂದ ಹಾಲಿನ ತಂಬಿಗೆ ತೆಗೆದುಕೊಂಡು ನಾಗಪ್ಪನ ಮುಂದೆ ಕೂತಳು. ಹುಲಿಗೇಶ ತಂದ ಕೊಬ್ಬರಿ ಬಟ್ಟಲನ್ನೇ ಹಾಲಿನಲ್ಲಿ ಅದ್ದಿದಳು.

"ದೇವರ ಪಾಲು" ಅಂದಳು. ಒಡಕು ಧ್ವನಿ ಕಟ್ಟೆಯ ತುದಿಯವರೆಗೂ ಕೇಳಿಸಿತು. "ಗುರುವಿನ ಪಾಲು."

ಗಾದೆಪ್ಪ ಟವೆಲು ಸರಿಪಡಿಸಿಕೊಂಡು ಕಿವಿಗೊಟ್ಟ. ಮುಂದಿನದು ಅವನದು.

"ಅವ್ವನ ಪಾಲು" ಅಂದಳು ದುರ್ಗಾದೇವಿ. ಹಾಲು ಕಲ್ಲಿನ ಹೆಡೆಯ ಮೇಲಿಂದ ಇಳಿಯಿತು. "ಮನಿಯವರ ಪಾಲು. ಮಗಳ ಪಾಲು."

ಬಟ್ಟಲು ಮತ್ತೆ ತುಂಬಿಕೊಂಡಳು. ತಲೆ ಎತ್ತಿದಳು. ಹುಲಿಗೇಶ ಕಟ್ಟೆ ಇಳಿದು, ಜನರ ಹಿಂದೆ, ಬೇವಿನ ಬುಡಕ್ಕೆ ಹಣೆ ಒತ್ತಿಕೊಂಡು ನಿಂತಿದ್ದ.

"ತಮ್ಮನ ಪಾಲು" ಅಂದಳು.

ಸುಂಕಮ್ಮ ಬಗ್ಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು. "ದುರ್ಗೀ, ನಿಮ್ಮಪ್ಪಂದು ಮರ್ತಿ ನೋಡವಾ."

"ಮರ್ತಿಲ್ಲ, ಅತ್ತೀ."

ತಂಬಿಗೆಯಲ್ಲಿ ಹಾಲು ಇನ್ನೂ ಇತ್ತು. ಅದನ್ನು ಶೀಲಾಳ ಕೈಗೆ ಕೊಟ್ಟು, ದುರ್ಗಾದೇವಿ ಕೊಬ್ಬರಿ ಬಟ್ಟಲನ್ನು ಕಲ್ಲಿನ ಮೇಲೆ ಬೋರಲು ಹಾಕಿದಳು.