ಮಂಚದ ಕೆಳಗಿನ ರಾಜ

ಮೂವತ್ತು ದಾಟಿದರೂ ನನಗೆ ಮದುವೆಯಾಗದಿರಲು ಕಾರಣ ಒಬ್ಬ ಕಲ್ಲಿನ ರಾಜ. ಅವನು ನಮ್ಮಪ್ಪನ ಮಂಚದ ಕೆಳಗೆ ಮಲಗಿದ್ದಾನೆ.

ಈಜಿಪ್ಟಿನ ನಮ್ಮ ಅಖ್ಮೀಮ್ ಊರಿನಲ್ಲಿ ಎಲ್ಲಿ ಅಗೆದರೂ ಹಳೆಯ ಕಾಲದವರ ಕಲ್ಲಿನ ಮೂರ್ತಿಗಳು ಸಿಗುತ್ತವೆ. ನಮ್ಮಪ್ಪ ಹಾಜಿ ರಿಫಾಯಿ, ನಾನು ಹುಡುಗಿಯಾಗಿದ್ದಾಗ, ಕೊಳಚೆ ನೀರಿನ ಕೊಳವೆ ಹಾಕಲು ಮನೆಯೊಳಗೆ ಅಗೆದು ಆ ರಾಜನ ಮುಖ ಕಂಡ. ಹೇಳಿದರೆ ಸರ್ಕಾರ ಮನೆ ಕಿತ್ತುಕೊಳ್ಳುತ್ತದೆ, ಮುಚ್ಚಿಟ್ಟರೆ ಜೈಲು. ಅತ್ತ ದರಿ, ಇತ್ತ ಪುಲಿ. ಅಪ್ಪ ಮರಳು ತುಂಬಿ ಮೇಲೆ ಮಂಚ ಎಳೆದ.

ಅಂದಿನಿಂದ ನಮ್ಮ ಮನೆಗೆ ನೆಂಟರಿಲ್ಲ, ಇಷ್ಟರಿಲ್ಲ. ನನ್ನನ್ನು ಕೇಳಿಕೊಂಡು ಬಂದವರೆಲ್ಲ ಹೊಸ್ತಿಲಾಚೆಯೇ ಚಹಾ ಕುಡಿದು ಹೋದರು. ಕೊನೆಗೆ ಬಂದವನು ಗಾರೆ ಕೆಲಸದ ಹಮ್ದಾನ್. ಅವನೆಂದರೆ ನನಗೆ ಪ್ರಾಣ.

"ಗಾರೆಯವ್ನು ಕಣೇ. ಒಳಗೆ ಕಾಲಿಟ್ರೆ ಮೊದ್ಲು ನೆಲಾನೇ ನೋಡ್ತಾನೆ," ಎಂದ ಅಪ್ಪ.

"ನಾನೇ ಅವ್ನ ಮನೆಗೆ ಹೋಗ್ತೀನಲ್ಲಪ್ಪಾ!"

"ಹೋಗಿ? ಗಂಡನ ಹತ್ರ ಗುಟ್ಟು ಉಳಿಸ್ಕೊಳ್ಳೋ ಹೆಂಗಸು ಇನ್ನೂ ಹುಟ್ಟಿಲ್ಲ."

ಗುಟ್ಟೇ ಇಲ್ಲವಾದರೆ ನನ್ನನ್ನು ಕಟ್ಟಿಹಾಕಲು ಏನಿರುತ್ತದೆ? ಮರುದಿನ ರೊಟ್ಟಿ ತರುವ ನೆಪದಲ್ಲಿ ಹೊರಟು ಪ್ರಾಚ್ಯವಸ್ತು ಕಚೇರಿಗೆ ಹೋದೆ. ಅಪ್ಪನಿಗೆ ಜೈಲಾಗದಿರಲೆಂದು, ನಿನ್ನೆ ಅಗೆದಾಗ ಸಿಕ್ಕಿತು ಎಂದು ಸುಳ್ಳು ಸೇರಿಸಿ ಹೇಳಿಬಿಟ್ಟೆ. ಮನೆ ಹೋದರೆ ಹೋಗಲಿ, ಅಪ್ಪನನ್ನು ಹಮ್ದಾನನೂ ನಾನೂ ನೋಡಿಕೊಳ್ಳುತ್ತೇವೆ ಅಂದುಕೊಂಡಿದ್ದೆ.

ಅಧಿಕಾರಿ ಬಂದು ಮಂಚ ಸರಿಸಿದ, ಕುಂಚದಿಂದ ಮೆಲ್ಲಗೆ ಮರಳು ಸರಿಸಿದ. ರಾಜನ ಕೆನ್ನೆಯ ಕೆಂಪು ಬಣ್ಣ ಇನ್ನೂ ಹಾಗೇ ಇತ್ತು. ಅಪ್ಪ ಗೋಡೆ ಹಿಡಿದು ನಿಂತಿದ್ದ. ನನ್ನ ಕಡೆ ನೋಡಲೇ ಇಲ್ಲ. ನನಗೆ ಅಳು ಒತ್ತಿಕೊಂಡು ಬಂತು, ಆದರೂ ಒಳಗೊಳಗೇ ಸಂತೋಷ.

"ಹೊರಗೆ ತೆಗೆದ್ರೆ ಈ ಬಣ್ಣ ಉದುರಿಹೋಗತ್ತೆ ಹಾಜಿಯವ್ರೇ," ಎಂದ ಅಧಿಕಾರಿ. "ಮರಳೇ ಇವ್ನಿಗೆ ಕ್ಷೇಮ. ವಾಪಸ್ ಮುಚ್ಚಿಬಿಡೋಣ. ಮನೇಲಿ ನೀವೇ ಇರಿ. ಆದ್ರೆ ನೆಲಕ್ಕೆ ನೀರು ತಾಗಬಾರದು. ಮನೆ ಮಾರಬಾರದು, ಖಾಲಿ ಬಿಡಬಾರದು. ಇಲ್ಲೇ ಇದ್ದು ಕಾಯೋರ ಹೆಸರು ಒಂದು ಬೇಕು. ನಿಮಗೋ ವಯಸ್ಸಾಯ್ತು."

ಇಷ್ಟು ವರ್ಷದ ಭಯ ಒಂದೇ ಉಸಿರಿಗೆ ಇಳಿದು ಅಪ್ಪನ ಮುಖ ಅರಳಿತು. ಹತ್ತಿರ ಬಂದು ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದ.

"ನನ್ನ ಮಗಳು ಇನ್ಸಾಫ್ ಇದ್ದಾಳಲ್ಲ ಸಾಹೇಬ್ರೇ, ಬರ್ಕೊಳ್ಳಿ. ಇವ್ಳು ಎಲ್ಲೂ ಹೋಗಲ್ಲ."