ಶನಿವಾರದ ಸೀಟಿ

ಶಿವರಾತ್ರಿ ಕಳೆದು ಎಂಟನೆಯ ದಿನ. ತೊಗರಿ ರಾಶಿ ಮುಗಿದು ಹೊಲಗಳು ಬೋಳಾಗಿದ್ದವು. ಬೆಳಗಿನ ಒಂಬತ್ತು ಗಂಟೆ ಇರಬೇಕು, ವಾಡಿ ಕಡೆಯ ಪ್ಯಾಸೆಂಜರ್ ಗಾಡಿ ಆಗಷ್ಟೇ ಕೂಗಿ ಹೋಗಿತ್ತು. ಅವತ್ತು ಶನಿವಾರ. ವಾರವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮುಂದಿನ ಜಗಳವೆಲ್ಲ ಅದರ ಮೇಲೆಯೇ ಬಂತು.

ನಮ್ಮ ಊರು ಶಹಾಬಾದಕ್ಕೂ ವಾಡಿಗೂ ನಡುವೆ. ಮೊಳ ಅಗೆದರೆ ಸಾಕು, ಫರ್ಸಿ ಕಲ್ಲು. ಅಣವೀರಪ್ಪ ಸಾಹುಕಾರರ ಖಣಿಯಲ್ಲಿ ನಾವು ನಲವತ್ತು ಮಂದಿ. ಗಂಡಸರು ಹಾರೆ ಹಾಕಿ ಕಲ್ಲು ಎಬ್ಬಿಸುತ್ತೇವೆ. ಹೆಂಗಸರು ಒಡೆದ ಚೂರನ್ನು ಬುಟ್ಟಿಯಲ್ಲಿ ಹೊತ್ತು ದಂಡೆಗೆ ಒಯ್ದು ಚೆಲ್ಲುತ್ತಾರೆ. ಕುಡಿಯುವ ನೀರು ಒಂದು ಸಿಮೆಂಟ್ ಬಣ್ಣದ ಡ್ರಮ್ಮಿನಲ್ಲಿ ಇರುತ್ತದೆ, ಹನ್ನೊಂದರ ಹೊತ್ತಿಗೆ ಅದು ಚಹದಷ್ಟು ಬಿಸಿ.

ಭೀಮಬಾಯಿಗೆ ಅರವತ್ತಮೂರು ವರ್ಷ. ಟೈರಿನ ಚಪ್ಪಲಿ, ತಲೆಯ ಮೇಲೆ ಹಳೆ ಸೀರೆಯ ಸಿಂಬಿ. ಬುಟ್ಟಿ ಎಷ್ಟೇ ಭಾರ ಇರಲಿ, ಆಕೆಯ ಕುತ್ತಿಗೆ ಬಾಗುತ್ತಿರಲಿಲ್ಲ. ಮಹಾರಾಣಿ ಹೊಂಟಳು ದಾರಿ ಬಿಡ್ರಿ ಎಂದು ಹಣಮವ್ವ ಮತ್ತು ಜತೆಯವರು ನಗುತ್ತಿದ್ದರು.

"ಮಹಾರಾಣಿ ಆಗಿದ್ನೆವ್ವಾ ಇಪ್ಪತ್ತು ವರ್ಷ," ಅನ್ನುತ್ತಿದ್ದಳು. "ರಾಜ್ಯ ಹೋಗ್ಯದ. ನಡಿಗಿ ಉಳದದ."

ಅದು ಸುಳ್ಳಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ, ಈ ಸೀಮೆಯ ಊರೂರಲ್ಲಿ ನಾಟಕ ಆಡುವಾಗ ಹೆಣ್ಣಿನ ಪಾತ್ರಕ್ಕೆ ಆಕೆಯನ್ನೇ ಕರೆಸುತ್ತಿದ್ದರು. ಊರ ಗಂಡಸರು ರಾಜ, ಗೌಡ, ಖಳನಾಯಕ ಆಗುವರು. ನಾಯಕಿ ಮಾತ್ರ ಭೀಮಬಾಯಿ. ತೆಂಗಳಿಯ ದೇವೀಂದ್ರಪ್ಪ ಮಾಸ್ತರರು ಪೇಟಿ ನುಡಿಸುವರು. ನಾನು ಪರದೆ ಎಳೆಯುವವನು. ನನಗೆ ಅಕ್ಷರ ಬರುವುದು ಅಷ್ಟಕ್ಕಷ್ಟೆ, ಎರಡನೆಯ ಇಯತ್ತೆಗೇ ಸಾಲಿ ಬಿಟ್ಟವನು. ಆದರೆ ಯಾವ ಊರಲ್ಲಿ ಯಾವ ಪಾತ್ರ, ಆಕೆ ಯಾವ ಬಣ್ಣದ ಸೀರೆ ಉಟ್ಟಿದ್ದಳು, ಯಾವ ಹಾಡಿಗೆ ಮಂದಿ ಮತ್ತೊಮ್ಮೆ ಎಂದು ಕೂಗಿದರು, ಎಲ್ಲ ಹೇಳಬಲ್ಲೆ. ಪರದೆ ಎಳೆಯುವವನಿಗೆ ಬೇರೆ ಏನು ಕೆಲಸ? ನೋಡುತ್ತ ನಿಲ್ಲುವುದು.

ನನ್ನ ಕೊರಳಲ್ಲಿ ಒಂದು ಹಿತ್ತಾಳೆ ಸೀಟಿ ಇರುತ್ತಿತ್ತು. ಸೀನು ಮುಗಿಯುವಾಗ ನಾನು ಸೀಟಿ ಊದುತ್ತಿದ್ದೆ. ಊದಿದ ಕೂಡಲೇ ರಂಗದ ಮೇಲಿದ್ದವರು ಇದ್ದಲ್ಲೇ ಕಲ್ಲಾಗಬೇಕು. ಎತ್ತಿದ ಕೈ ಎತ್ತಿದಂತೆಯೇ. ಪರದೆ ನೆಲ ಮುಟ್ಟುವವರೆಗೆ ಅಲುಗಬಾರದು. ಊರ ಗಂಡಸರು ಅಲುಗುತ್ತಿದ್ದರು, ಹಲ್ಲು ಕಿರಿಯುತ್ತಿದ್ದರು. ಭೀಮಬಾಯಿ ರೆಪ್ಪೆ ಸಹ ಬಡಿಯುತ್ತಿರಲಿಲ್ಲ.

ಅಣವೀರಪ್ಪ ಸಾಹುಕಾರರು ಆಗ ಹರೆಯದವರು. ನಮ್ಮ ಊರ ನಾಟಕದಲ್ಲಿ ಪ್ರತಿ ವರ್ಷ ಅವರೇ ನಾಯಕ. ನಾಟಕದ ನಡುವೆ ಆಯೇರಿ ಮಾಡುವ ಪದ್ಧತಿ ನಮ್ಮ ಕಡೆ ಉಂಟು. ಆಟ ನಿಲ್ಲಿಸಿ, ಉಡುಗೊರೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಸಾಹುಕಾರರದು ಪ್ರತಿ ವರ್ಷವೂ ಒಂದು ಬೆಳ್ಳಿ ಡಾಬು. ಭೀಮಬಾಯಿಯ ನಡುವಿಗೆ ತಾವೇ ಕಟ್ಟುವರು. ಚಪ್ಪಾಳೆ ಬೀಳುವುದು. ಆಟ ಮುಗಿದ ಮೇಲೆ ಪರದೆಯ ಹಿಂದೆ ಬಂದು, ತಾವೇ ಬಿಚ್ಚಿಕೊಂಡು ಹೋಗುವರು. ಹನ್ನೊಂದು ವರ್ಷ ಹನ್ನೊಂದು ಸಲ ಅದೇ ಡಾಬು. ಕೊಂಡಿಯ ಹತ್ತಿರ ಒಂದು ನವಿಲಿನ ಕಾಲು ಮುರಿದಿತ್ತು, ನಾನು ಗುರುತು ಹಿಡಿದಿದ್ದೆ. ಭೀಮಬಾಯಿ ಬಾಯಿ ಬಿಡಲಿಲ್ಲ. ಮರುವರ್ಷದ ಪಾತ್ರ ತಪ್ಪಬಾರದಲ್ಲ.

ಟೀವಿ ಬಂತು, ಫೋನು ಬಂತು, ನಾಟಕ ನಿಂತವು. ಆಕೆ ನಾಯಕನ ಖಣಿಯಲ್ಲೇ ಕೂಲಿಗೆ ನಿಂತಳು. ಖಣಿಯ ದಂಡೆಯಲ್ಲಿ ಸಾಹುಕಾರರ ಜಾಗದಲ್ಲೇ ತಗಡಿನ ಗುಡಿಸಲು. ಮಗಳು ಸುನಿತಾಳೂ ಅಲ್ಲೇ ಬುಟ್ಟಿ ಹೊತ್ತಳು.

ಆರು ವರ್ಷದ ಹಿಂದೆ ಕಲಾವಿದರಿಗೆ ಸರಕಾರದ ಮಾಸಾಶನ ಬರುತ್ತದೆ ಎಂದು ಯಾರೋ ಹೇಳಿದರು. ನಾಟಕ ಆಡಿಸಿದವರ ಒಂದು ಪತ್ರ ಬೇಕಿತ್ತು. ನಾನೇ ಆಕೆಯನ್ನು ಸಾಹುಕಾರರ ಹತ್ತಿರ ಕರೆದುಕೊಂಡು ಹೋದೆ. ಅವರು ಊಟಕ್ಕೆ ಕುಳಿತಿದ್ದರು. ತಲೆ ಎತ್ತದೆ ಹೇಳಿದರು:

"ಆಕಿ ನನ್ನ ಖಣಿಯೊಳಗ ಕೂಲಿ ಮಾಡ್ತಾಳ. ಕಲಾವಿದೆ ಅಂತ ಹ್ಯಾಂಗ ಬರೀಲಿ ಲಾಲಪ್ಪ? ಸುಳ್ಳು ಬರೆದ್ರ ನನ್ನ ಮ್ಯಾಲ ಬರ್ತದ."

ಭೀಮಬಾಯಿ ನಮಸ್ಕಾರ ಮಾಡಿ ಬಂದಳು.

ಈಗ ಆ ಶನಿವಾರಕ್ಕೆ ಬರುತ್ತೇನೆ.

ಖಣಿಯ ಪಶ್ಚಿಮದ ಗೋಡೆಯಲ್ಲಿ ಅಡಿಯ ಒಳ್ಳೆಯ ಕಲ್ಲನ್ನೆಲ್ಲ ತೆಗೆದುಬಿಟ್ಟಿದ್ದೆವು. ತೆಗೆಸಿದ್ದರು. ಮೇಲಿನ ಪದರ ಮನೆಯ ಸಜ್ಜೆಯಂತೆ ಮುಂದಕ್ಕೆ ಚಾಚಿ ನಿಂತಿತ್ತು, ಎರಡು ಎತ್ತಿನ ಗಾಡಿಯಷ್ಟು. ಅದನ್ನು ಮೊದಲು ಕೆಡವಬೇಕು. ಕೆಡವಲು ಎರಡು ದಿನ ಕೆಲಸ ನಿಲ್ಲಬೇಕು. ನಾನು ಎರಡು ಸಲ ಹೇಳಿದೆ. ಬಿರುಕು ಬಿಟ್ಟದ ಎಂದೆ. ಗುಡ್ಡ ಸುಮ್ಮನೆ ನಿಂತದ, ನಿನ್ನ ಕಾಲ್ಯಾಕ ನಡಗಲಿಕತ್ತಾವ ಎಂದು ಸಾಹುಕಾರರು ನಗಾಡಿದರು. ಹೆಂಗಸರು ಅದರ ಕೆಳಗೇ ಚೂರು ತುಂಬುತ್ತಿದ್ದರು. ನೆರಳಿತ್ತಲ್ಲ, ಬಿಸಿಲಿಗೆ ಅಲ್ಲೇ ಹಾಯೆನಿಸುತ್ತಿತ್ತು.

ಒಂಬತ್ತಕ್ಕೆ ಮೇಲಿಂದ ಮಣ್ಣು ಉದುರಿತು. ಮೊದಲು ಹಿಡಿಯಷ್ಟು, ಆಮೇಲೆ ಬುಟ್ಟಿಯಷ್ಟು. ಕಲ್ಲು ಕೊಯ್ಯುವ ಮಷೀನು ಓಡುತ್ತಿತ್ತು. ನಾನು ಕೂಗಿದ್ದು ನನಗೇ ಕೇಳಲಿಲ್ಲ. ನಮ್ಮ ಖಣಿಗೆ ಗಂಟೆ ಇಲ್ಲ, ಅಪಾಯಕ್ಕೆ ಕೂಗುವ ಭೋಂಗಾ ಇಲ್ಲ. ಕೊರಳಲ್ಲಿ ಆ ಹಿತ್ತಾಳೆ ಸೀಟಿ ಇತ್ತು. ಸುಮ್ಮನೆ ಹಾಕಿಕೊಳ್ಳುತ್ತಿದ್ದೆ, ಬಿಡಲು ಮನಸ್ಸು ಬಾರದೆ. ಬಾಯಿಗಿಟ್ಟು ಉಸಿರು ಇದ್ದಷ್ಟು ಊದಿದೆ.

ಸುನಿತಾ ಓಡಿದಳು. ಹಣಮವ್ವ ಓಡಿದಳು. ಹನ್ನೆರಡು ಹೆಂಗಸರೂ ಬುಟ್ಟಿ ಬಿಸಾಕಿ ಓಡಿದರು.

ಭೀಮಬಾಯಿ ನಿಂತಳು.

ಒಂದು ಕೈ ಬುಟ್ಟಿಗೆ, ಒಂದು ಕೈ ನಡುವಿಗೆ. ಕುತ್ತಿಗೆ ನೆಟ್ಟಗೆ. ಇದ್ದಲ್ಲೇ ಕಲ್ಲಾಗಿ ನಿಂತಳು. ಇಷ್ಟು ವರ್ಷದ ಮೇಲೆ ಆ ಸೀಟಿ ಮೊದಲ ಸಲ ಆಕೆಯ ಕಿವಿಗೆ ಬಿದ್ದಿತ್ತು. ಒಂದೇ ಗಳಿಗೆ. ಆಮೇಲೆ ನನ್ನ ಕಡೆ ತಿರುಗಿದಳು, ತಪ್ಪು ತಿಳಿದವಳ ಹಾಗೆ. ಅಷ್ಟರಲ್ಲಿ ಸಜ್ಜೆ ಕಳಚಿತು. ಅರ್ಧ ಬಿತ್ತು, ಅರ್ಧ ಹಾಗೇ ನೇತಾಡುತ್ತ ಉಳಿಯಿತು. ಬಿದ್ದ ಕಲ್ಲು ಆಕೆಯ ನಡುವಿನ ಮೇಲೆ.

ಎಂಟು ಮಂದಿ ಹಾರೆ ಹಾಕಿ ಎತ್ತಿದೆವು. ಆಗಲೇ ಜೀವ ಇರಲಿಲ್ಲ. ಸುನಿತಾ ತಾಯಿಯ ಬಾಯೊಳಗಿನ ಮಣ್ಣನ್ನು ಬೆರಳಿನಿಂದ ತೆಗೆಯುತ್ತ ಕುಳಿತಿದ್ದಳು.

ಸಾಹುಕಾರರು ಜೀಪಿನಲ್ಲಿ ಬಂದರು. ಇನ್ನೂ ಉಸಿರದ ಎಂದು ಆಕೆಯನ್ನು ಗುಡಿಸಲಿಗೆ ಒಯ್ಯಿಸಿದರು. ತಮ್ಮ ಪರಿಚಯದ ಡಾಕ್ಟರನ್ನು ಅಲ್ಲಿಗೇ ಕರೆಸಿದರು. ಬಾಗಿಲು ಮುಚ್ಚಿಸಿ, ಹೊರಗೆ ಇಬ್ಬರನ್ನು ನಿಲ್ಲಿಸಿದರು. ಹಗಲಿಡೀ ಒಳಗೆ ಯಾರನ್ನೂ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಸುದ್ದಿ ಹೊರಬಿತ್ತು: ಭೀಮಬಾಯಿ ರವಿವಾರ ನಸುಕಿನಲ್ಲಿ, ಮನೆಯಲ್ಲಿ, ಎದೆನೋವಿನಿಂದ ತೀರಿಕೊಂಡಳು. ರವಿವಾರ ಖಣಿಗೆ ಸೂಟಿ. ಸೂಟಿಯ ದಿನ ಸತ್ತವರು ಕೆಲಸದ ಮೇಲೆ ಸತ್ತವರಲ್ಲ, ಪರಿಹಾರವೂ ಇಲ್ಲ, ಕೇಸೂ ಇಲ್ಲ. ಡಾಕ್ಟರ ಕಾಗದದ ಮೇಲೂ ಹಾಗೇ ಬಂತು. ಕೆಳಗೆ ಸುನಿತಾಳ ಸಹಿ.

ಮಣ್ಣು ಕೊಟ್ಟು ಬಂದ ಮೇಲೆ ನಾನು ಆಕೆಯನ್ನು ಕೇಳಿದೆ. ಯಾಕೆ ಮಾಡಿದೆ ಮಗಳೆ ಎಂದೆ. ಆಕೆ ನನ್ನ ಮುಖ ನೋಡಲಿಲ್ಲ.

"ನಿಂದಽ ಹೆಸರು ಹೇಳಿದ್ರು ಕಾಕಾ. ಲಾಲಪ್ಪ ಸೀಟಿ ಹೊಡದಾನ, ಅದಕ್ಕಽ ಆಕಿ ನಿಂತಾಳ. ಕೇಸ್ ಆದ್ರ ಮೊದಲ ಅವನ್ನೇ ಒಯ್ತಾರ ಅಂದ್ರು. ಅವ್ವ ಅಂತೂ ಹೋದಳು. ನೀನೂ ಹೋದ್ರ?"

ನನಗಾಗಿ ಆಕೆ ತಾಯಿಯ ಸಾವಿನ ವಾರ ಬದಲಿಸಿದ್ದಳು. ಸೋಮವಾರ ಖಣಿಯಲ್ಲಿ ಕೆಲಸ ಸುರುವಾಯಿತು. ರಕ್ತದ ಮೇಲೆ ಚೂರು ಚೆಲ್ಲಿದ್ದರು. ಉಳಿದ ಅರ್ಧ ಸಜ್ಜೆ ಹಾಗೇ ನೇತಾಡುತ್ತಿತ್ತು. ಕಲ್ಲೇ ಬಿದ್ದಿಲ್ಲ ಅಂದ ಮೇಲೆ ಕೆಡವುವುದೇನು? ಅದರ ಕೆಳಗೆ ಸುನಿತಾ ಬುಟ್ಟಿ ತುಂಬುತ್ತಿದ್ದಳು.

ಬುಧವಾರ ಸಂಘದ ಉದಯಕುಮಾರ ಬಂದ. ಕಲಾವಿದರ ಸಂಘ ಎಂದು ಅವನೇ ಕಟ್ಟಿ ಅವನೇ ಅಧ್ಯಕ್ಷನಾಗಿದ್ದ. ಬರುವ ರವಿವಾರ ನುಡಿನಮನ ಇದೆ, ಈ ವರ್ಷ ಅಗಲಿದ ಕಲಾವಿದರಿಗೆಲ್ಲ, ಖರ್ಚು ಸಾಹುಕಾರರದು ಎಂದ. ಭೀಮಬಾಯಿಯ ಬಗ್ಗೆ ನೀವೇ ಮಾತಾಡಬೇಕು, ನಿಮ್ಮಷ್ಟು ನೆನಪು ಯಾರಿಗದ ಎಂದ. ಹಿಂದೆಯೇ ಸಾಹುಕಾರರ ಮಾತೂ ಬಂತು: ನಾಟಕದ್ದು ಹೇಳು, ಖಣಿಯದು ಬೇಡ.

ಸಾಲಿಯ ಮುಂದೆ ಪೆಂಡಾಲ್ ಹಾಕಿದ್ದರು. ಬ್ಯಾನರಿನ ನಡುವೆ ಬೆಂಗಳೂರಿನ ಒಬ್ಬ ಸಿನೆಮಾ ನಟನ ದೊಡ್ಡ ಫೋಟೋ, ಆತ ತೀರಿ ತಿಂಗಳಾಗಿತ್ತು. ಎಡಕ್ಕೆ ದೇವೀಂದ್ರಪ್ಪ ಮಾಸ್ತರರು, ದೀಪಾವಳಿಯಲ್ಲಿ ಹೋದವರು. ಬಲಕ್ಕೆ ಭೀಮಬಾಯಿ, ಇಪ್ಪತ್ತೈದರ ಹರೆಯ, ತುಟಿಗೆ ಬಣ್ಣ, ಹಣೆಗೆ ಬೈತಲೆಬೊಟ್ಟು. ಹರೆಯದ ಹುಡುಗರು ಯಾರಿವರು ಎಂದು ಕೇಳಿಕೊಳ್ಳುತ್ತಿದ್ದರು. ದಿನಾ ತಮ್ಮ ಬಾಗಿಲ ಮುಂದೆ ಬುಟ್ಟಿ ಹೊತ್ತು ಹೋಗುತ್ತಿದ್ದವಳೆಂದು ಅವರಿಗೆ ತಿಳಿಯಲಿಲ್ಲ.

ಖಣಿಯ ಹೆಂಗಸರನ್ನು ಕುರ್ಚಿ ತುಂಬಲು ಕರೆಸಿದ್ದರು. ನಟನ ಬಗ್ಗೆ ಮೂವರು ಮಾತಾಡಿದರು, ಮಾಸ್ತರರ ಬಗ್ಗೆ ಒಬ್ಬರು. ಆಮೇಲೆ ಸಾಹುಕಾರರು ಎದ್ದರು. ಕರವಸ್ತ್ರದಿಂದ ಕಣ್ಣು ಒರೆಸಿಕೊಂಡರು. ಕಲಾದೇವಿ, ರಂಗದ ರಾಣಿ ಎಂದರು. ಆಕೆಯ ಕಲೆಗೆ ನಾನು ವರ್ಷಕ್ಕೊಂದು ಬೆಳ್ಳಿ ಡಾಬು ಕೊಟ್ಟವನು ಎಂದರು. ಚೀಲದಿಂದ ಡಾಬು ತೆಗೆದು ಆಕೆಯ ಫೋಟೋದ ಮೇಲೆ ಇಳಿಬಿಟ್ಟರು. ಪೇಪರಿನವರು ಫೋಟೋ ಹೊಡೆದರು. ನಾನು ನೋಡಿದೆ. ನವಿಲಿಗೆ ಒಂದೇ ಕಾಲು.

ನನ್ನ ಪಕ್ಕದಲ್ಲಿದ್ದ ಹಣಮವ್ವ ಮೆಲ್ಲಗೆ ಅಂದಳು: "ಕಲಾವಿದೆ ಅಂತ ಬರಿ ಅಂದಾಗ ಕೂಲಿ ಅಂದ. ಕೂಲಿ ಅಂತ ಬರಿ ಅನ್ನೂ ಹೊತ್ತಿಗೆ ಕಲಾವಿದೆ ಅನ್ನಾಕತ್ತಾನ. ಭಾಡ್ಯಾ."

ಉದಯಕುಮಾರ ನನ್ನ ಹೆಸರು ಕೂಗಿದ. ಮೈಕು ನನ್ನ ಬಾಯಿಗಿಂತ ಎತ್ತರ ಇತ್ತು, ಇಳಿಸಿ ಕೊಟ್ಟ.

ನಾನು ಅವರು ಹೇಳಿದಂತೆ ನಾಟಕದಿಂದಲೇ ಸುರು ಮಾಡಿದೆ. ಗುಂಡಗುರ್ತಿಯಲ್ಲಿ ಆಕೆ ಗೌಡತಿಯಾದದ್ದು, ಹಸಿರು ಸೀರೆ. ಮಳಖೇಡದಲ್ಲಿ ಹಾಡಿನ ನಡುವೆ ಮಳೆ ಬಂದರೂ ಒಬ್ಬರೂ ಏಳದೆ ಕುಳಿತದ್ದು. ಚಿಂಚೋಳಿಯಲ್ಲಿ ಮಗು ಸತ್ತ ತಾಯಿಯ ಪಾತ್ರ, ಆಗ ಹಾಲು ಕುಡಿಯುವ ಸುನಿತಾಳನ್ನು ಪರದೆಯ ಹಿಂದೆ ನಾನೇ ಎತ್ತಿಕೊಂಡು ನಿಂತದ್ದು. ಮಂದಿ ಕೇಳುತ್ತಿದ್ದರು. ಸಾಹುಕಾರರು ತಲೆ ಆಡಿಸುತ್ತಿದ್ದರು. ಡಾಬಿನ ಸಂಗತಿಗೆ ಬಂದೆ. ಹನ್ನೊಂದು ಸಲ ಕಟ್ಟಿದ್ದನ್ನು ಹೇಳಿದೆ, ಹನ್ನೊಂದು ಸಲ ಬಿಚ್ಚಿದ್ದನ್ನೂ ಹೇಳಿದೆ. ಅವರ ತಲೆ ನಿಂತಿತು. ಉದಯಕುಮಾರ ಸಾಕು ಕಾಕಾ, ಸಾಕು ಎಂದು ಅಂಗಿ ಜಗ್ಗಿದ.

ನಾನು ಮೈಕಿನ ಕಂಬ ಬಿಡಲಿಲ್ಲ.

"ಕಡೀ ಆಟ ಉಳದದ, ಹೇಳ್ತೀನಿ," ಎಂದೆ. "ಅಣವೀರಪ್ಪ ಸಾವ್ಕಾರ್ರ ಖಣಿ. ಶನಿವಾರ, ಮುಂಜಾನಿ ಒಂಬತ್ತಕ್ಕ. ನೀಲಿ ಸೀರಿ, ಮೊಳಕಾಲ ಮ್ಯಾಲ ತ್ಯಾಪಿ. ತಲಿ ಮ್ಯಾಲ ಬುಟ್ಟಿ. ಪಡುವಣ ಗ್ವಾಡಿ ಬಿತ್ತು. ಸೀಟಿ ಹೊಡದಾಂವ ನಾನಽ. ನಾಟಕದ ಸೀಟಿ ಅಂತ ತಿಳದು ನಿಂತಳು. ಆ ತಪ್ಪು ನಂದು, ನನ್ನ ಒಯ್ರಿ. ಆದ್ರ ಖಣಿಗೆ ಭೋಂಗಾ ಇಲ್ದಿದ್ದು ನನ್ನ ತಪ್ಪಲ್ಲ. ಸುನಿತಾ ನನ್ನ ಸಲುವಾಗಿ ಸಹಿ ಮಾಡ್ಯಾಳ. ಭೀಮಬಾಯಿ ಸತ್ತಿದ್ದು ರವಿವಾರ ಅಲ್ಲ."

ಮೈಕು ಬಂದ್ ಆಯಿತು. ಯಾರೋ ವಾಯರ್ ಕಿತ್ತಿದ್ದರು. ನಾನು ಕೊರಳಿನ ಸೀಟಿ ತೆಗೆದೆ. ಹೆಂಗಸರ ಕಡೆ ತಿರುಗಿ ಬರಿ ಬಾಯಲ್ಲೇ ಹೇಳಿದೆ.

"ಉಳಿದರ್ಧ ಇನ್ನಾ ಜೋತಾಡಾಕತ್ತದ. ಈ ಸೀಟಿಗಿ ನಿಂದರಬ್ಯಾಡ್ರವ್ವಾ. ಏಳ್ರಿ."

ಊದಿದೆ. ಹಣಮವ್ವ ಮೊದಲು ಎದ್ದಳು. ಆಮೇಲೆ ಸುನಿತಾ. ಒಬ್ಬೊಬ್ಬರೇ ಹನ್ನೆರಡೂ ಕುರ್ಚಿ ಖಾಲಿಯಾದವು. ಪೇಪರಿನವನು ಕ್ಯಾಮೆರಾ ಮುಚ್ಚಿ ಚೀಲದಲ್ಲಿಟ್ಟುಕೊಂಡ. ಸಾಹುಕಾರರು ಫೋಟೋದ ಮೇಲಿನ ಡಾಬನ್ನು ತೆಗೆದು ಸುತ್ತಿ, ತಮ್ಮ ಚೀಲಕ್ಕೆ ಹಾಕಿಕೊಂಡರು. ಅದು ಹನ್ನೆರಡನೆಯ ಸಲ.

ಸೋಮವಾರ ಹೆಂಗಸರು ಖಣಿಗೆ ಇಳಿಯಲಿಲ್ಲ. ಆ ಸಜ್ಜೆ ಕೆಡವಿದ ಮೇಲೆ ಇಳಿಯುತ್ತೇವೆ ಎಂದು ದಂಡೆಯ ಮೇಲೆ ಕುಳಿತರು. ಗಂಡಸರಲ್ಲಿ ನಾವು ಒಂಬತ್ತು ಮಂದಿ ಕುಳಿತೆವು, ಉಳಿದವರು ಮುಖ ತಪ್ಪಿಸಿ ಇಳಿದರು. ಮಂಗಳವಾರವೂ ಕುಳಿತೆವು. ಪೇಪರಿನಲ್ಲಿ ಡಾಬು ಹಾಕಿದ ಫೋಟೋ ಬಂತು, ಕೆಳಗೆ ಹಿರಿಯ ಕಲಾವಿದೆ ಎಂದಿತ್ತಂತೆ, ರವಿವಾರ ನಿಧನರಾದರು ಎಂದಿತ್ತಂತೆ. ನನ್ನನ್ನು ಠಾಣೆಗೆ ಕರೆಸಿ ಅರ್ಧ ದಿನ ಬಾಕಿನ ಮೇಲೆ ಕೂಡಿಸಿದರು. ಏನನ್ನೂ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಿರಿ ಎಂದು ನಾನೇ ಕೇಳಿದೆ. ಬರೆದರೆ ಶನಿವಾರ ಅಂತ ಬರೆಯಬೇಕಾಗುತ್ತಿತ್ತು.

ಬುಧವಾರ ಎಲ್ಲಿಂದಲೋ ಒಂದು ಟ್ರಕ್ಕು ಬಂತು. ನಮ್ಮ ಭಾಷೆ ತಿಳಿಯದ ಇಪ್ಪತ್ತು ಮಂದಿ, ಹೆಂಡಿರ ಜತೆ. ಅವರನ್ನು ಪಡುವಣ ಗೋಡೆಗೇ ಹಚ್ಚಿದರು. ನೆರಳು ಕಂಡು ಅವರಿಗೆ ಸಂತೋಷವಾಯಿತು. ಹಣಮವ್ವ ದಂಡೆಯಿಂದ ಕೈ ಸನ್ನೆ ಮಾಡಿ ಮೇಲೆ ತೋರಿಸಿದಳು. ಒಬ್ಬಳು ತಲೆ ಎತ್ತಿ ನೋಡಿ, ನಕ್ಕು, ಬುಟ್ಟಿ ತುಂಬಿದಳು. ಈಗ ನಾನು ದಿನಾ ಆ ದಂಡೆಯ ಮೇಲೆ ಕೂರುತ್ತೇನೆ. ಸೀಟಿ ಕೈಯಲ್ಲೇ ಇರುತ್ತದೆ. ಅವರಿಗೆ ಅದರ ಅರ್ಥ ಕಲಿಸುತ್ತಿದ್ದೇನೆ. ಊದಿದರೆ ಓಡಬೇಕು. ಸಾಹುಕಾರರ ಆಳುಗಳು ಎರಡು ಸಲ ಎಬ್ಬಿಸಿ ಕಳಿಸಿದರು, ಮತ್ತೆ ಬಂದು ಕುಳಿತೆ.

ಭೀಮಬಾಯಿಯ ಗುಡಿಸಲು ಬೀಳಿಸಲು ಸಾಹುಕಾರರು ಗುರುವಾರದ ಗಡುವು ಕೊಟ್ಟಿದ್ದರು. ಹಿಂದಿನ ದಿನ ಸುನಿತಾ ಒಂದು ಫರ್ಸಿಯ ಮೇಲೆ ಇದ್ದಿಲಿನಿಂದ ಅಕ್ಷರ ಬರೆದುಕೊಟ್ಟಳು. ನಾನು ಉಳಿಯಿಂದ ಕಡಿದೆ. ಹಣಮವ್ವ ಕಲ್ಲು ಹಿಡಿದುಕೊಂಡಳು. ಹೆಸರಿನ ಕೆಳಗೆ ಕಲಾವಿದೆ ಅಂತ ಬರೆಯಲೋ, ಕೂಲಿ ಅಂತ ಬರೆಯಲೋ ಎಂದು ಸುನಿತಾ ಕೇಳಿದ್ದಳು. ಎರಡೂ ಅವರೇ ಆಡಿದ ಮಾತು, ನಮಗೆ ಬೇಕಾದದ್ದು ಆಕೆ ಸತ್ತ ವಾರ ಎಂದಳು ಹಣಮವ್ವ. ಮೂವರೂ ಹೊತ್ತುಕೊಂಡು ಹೋಗಿ ಮಣ್ಣು ಕೊಟ್ಟಲ್ಲಿ ನಿಲ್ಲಿಸಿದೆವು.

ಸುನಿತಾ ಒಂದು ಗಂಟು ಹಿಡಿದು, ವಾಡಿ ಸ್ಟೇಷನ್ನಿನಿಂದ ಗಾಡಿ ಹತ್ತಿ ಹೋದದ್ದು ಗುರುವಾರ. ಭೀಮಬಾಯಿ ಹೋದದ್ದು ಶನಿವಾರ.