ಮೂರನೇ ಟೇಬಲ್

ಸ್ನೂಕರ್ ಮೇಜಿನ ಮೇಲೆ, ಹೊಡೆಯಬೇಕಾದ ಬಿಳಿ ಚೆಂಡಿನ ಬೆನ್ನಿಗೇ ಗುಲಾಬಿ ಚೆಂಡು ನಿಂತುಬಿಟ್ಟಿತ್ತು. ಹೃಷಿಕೇಶ ಎಡಗೈ ಬೆರಳುಗಳನ್ನು ಅದರ ಹಿಂದೆ ತುದಿಯ ಮೇಲೆ ನಿಲ್ಲಿಸಿ, ಕ್ಯೂ ಕೋಲನ್ನು ಗುಲಾಬಿಯ ತಲೆಯ ಮೇಲಿಂದ ಎತ್ತಿ ಹಿಡಿದ. ಆಟಗಾರರಿಬ್ಬರೂ ಮೂರು ಮೂರು ಫ್ರೇಮ್ ಗೆದ್ದು ಇದು ಕೊನೆಯದು. ಕಂದು ಚೆಂಡೊಂದು ಮೂಲೆಯ ಜೇಬಿಗೆ ಬಿದ್ದರೆ ಮುಗಿಯಿತು. ಆಮೇಲೆ ಎದುರಾಳಿ, ಪುಣೆಯ ನಿಂಬಾಳ್ಕರ್, ಮೇಜಿನ ಮೇಲೆ ಉಳಿದದ್ದನ್ನೆಲ್ಲ ಹಾಕಿದರೂ ಅಂಕ ಸಾಲುತ್ತಿರಲಿಲ್ಲ. ಆದರೆ ಬೆರಳಾಗಲಿ ಕೋಲಾಗಲಿ ಗುಲಾಬಿಯನ್ನು ಒಂದಿಷ್ಟು ಸವರಿದರೂ ಫೌಲ್, ಬಿದ್ದ ಚೆಂಡು ಲೆಕ್ಕಕ್ಕಿಲ್ಲ.

ಅದನ್ನು ನೋಡುವುದಕ್ಕೆಂದೇ ರೆಫರಿ ಕೇದಾರನಾಥರು ಮೊಣಕಾಲು ಹಿಡಿದು ಬಗ್ಗಿದ್ದರು. ಕಪ್ಪು ವೇಸ್ಟ್‌ಕೋಟು, ಬಿಳಿ ಕೈಗವಸು, ಮೂವತ್ತೊಂದು ವರ್ಷದ ಅನುಭವ. ನಾಗಪುರದಲ್ಲಿ ಅವರ ಕಣ್ಣಿಗೆ ಎದುರು ಹೇಳಿದವರಿಲ್ಲ. ಆ ಕಣ್ಣುಗಳ ನಟ್ಟನಡುವೆ ಈಗ ಕಲೆಯೊಂದು ಬಂದು ಕೂತಿತ್ತು. ಸುತ್ತಲಿನದು ಕಾಣುತ್ತದೆ, ಯಾವುದನ್ನು ನೋಡುತ್ತಾರೋ ಅದೇ ಅಳಿಸಿಹೋಗುತ್ತದೆ. ಇದಕ್ಕೆ ಕನ್ನಡಕ ಇಲ್ಲ ಎಂದು ಡಾಕ್ಟರು ಹೇಳಿ ಎರಡು ತಿಂಗಳಾಗಿತ್ತು. ಯಾವ ಬಣ್ಣದ ಚೆಂಡನ್ನು ಎಲ್ಲಿಡಬೇಕೆಂದು ಕೈಗೆ ಗೊತ್ತು, ಉಳಿದದ್ದನ್ನು ಕಿವಿ ಹೇಳುತ್ತದೆ, ಈ ಒಂದು ಟೂರ್ನಿ ಮುಗಿಸಿ ಬಿಟ್ಟುಬಿಡುತ್ತೇನೆ ಎಂದು ಹೆಂಡತಿ ಬಸವೇಶ್ವರಿಗೆ ಮಾತು ಕೊಟ್ಟಿದ್ದರು. ಅಹಂಕಾರಕ್ಕೆ ಯಾವಾಗಲೂ ಇನ್ನೊಂದೇ ಒಂದು ಬೇಕಾಗಿರುತ್ತದೆ.

ಕೋಲು ಬಡಿಯಿತು. ಕಂದು ಚೆಂಡು ಮೂಲೆಯ ಜೇಬಿಗೆ ಬಿದ್ದ ಸದ್ದನ್ನು ಕೇದಾರನಾಥರು ಸ್ಪಷ್ಟವಾಗಿ ಕೇಳಿದರು. ಗುಲಾಬಿಯತ್ತ ನೋಡಿದರು, ಅಲ್ಲಿದ್ದದ್ದು ಕಲೆ ಮಾತ್ರ. ಅಷ್ಟರಲ್ಲಿ ಕಣ್ಣಂಚಿನಲ್ಲಿ ನಿಂಬಾಳ್ಕರ್ ಕುರ್ಚಿಯಿಂದ ಎದ್ದು ನಿಂತದ್ದು ಕಂಡಿತು.

ಅವನೇನೋ ನೋಡಿದ್ದಾನೆ. ತಕರಾರಿಗೇ ಎದ್ದಿದ್ದಾನೆ. ಮೂರನೇ ಟೇಬಲ್ಲಿಗೆ ಕ್ಯಾಮೆರಾ ಇಲ್ಲ, ಮತ್ತೆ ನೋಡೋಣವೆಂದರೆ ಆಗದು. ಬೆಳಿಗ್ಗೆ ಚಹಾದ ಹೊತ್ತಿಗೆ ಸ್ಕೋರು ಬರೆಯುವವನು, "ಕೇದಾರ್ ಸಾಹೇಬ್, ಆಜ್ ತುಮ್ಚಾ ಪೋರ್ಗಾ ಖೇಳ್ತೋಯ್!" ಎಂದು ನಕ್ಕಿದ್ದ. ಇವತ್ತು ನಿಮ್ಮ ಹುಡುಗ ಆಡುತ್ತಿದ್ದಾನೆ ಎಂದು; ನಿಮ್ಮ ಹುಡುಗ ಅಂದರೆ ಕನ್ನಡದವನು. ಗಣಪತಿ ಹಬ್ಬದಲ್ಲಿ ಕನ್ನಡ ಸಂಘದ ಪಂಕ್ತಿಯಲ್ಲಿ ಇವರಿಗೆ ಬಡಿಸಿದವನು. ನಮ್ಮವನೆಂದು ಕಣ್ಣು ಮುಚ್ಚಿಕೊಂಡರು ಅಂತ ನಾಳೆ ಯಾರೂ ಅನ್ನಬಾರದು. ಕಾಣಲಿಲ್ಲ ಎಂದು ಹೇಳುವುದಂತೂ ಸಾಧ್ಯವೇ ಇರಲಿಲ್ಲ.

"ಫೌಲ್," ಎಂದರು ಕೇದಾರನಾಥರು. "ನಿಂಬಾಳ್ಕರ್‌ಗೆ ಆರು ಅಂಕ."

ಹೃಷಿಕೇಶ ಬಗ್ಗಿದವನು ಬಗ್ಗಿದಂತೆಯೇ ತಲೆಯೆತ್ತಿದ. "ಸರ್, ತಾಗಿತಾ? ನೀವು ನೋಡಿದ್ರಾ?"

"ನೋಡಿದೆ."

ಹುಡುಗ ತನ್ನ ಬೆರಳುಗಳನ್ನು ನೋಡಿಕೊಂಡ. ಆಮೇಲೆ ಈ ಆಟದಲ್ಲಿ ಮರ್ಯಾದಸ್ಥರು ಮಾಡುವಂತೆ ಕೈಯೆತ್ತಿ, ತಪ್ಪು ನನ್ನದು ಎಂದು ನೆರೆದವರೆದುರು ಒಪ್ಪಿಕೊಂಡು ಕುರ್ಚಿಗೆ ಹೋಗಿ ಕೂತ. ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ಕೇದಾರನಾಥರು ಕಂದು ಚೆಂಡನ್ನು ಜೇಬಿನಿಂದ ತೆಗೆದು, ಒರೆಸಿ, ಅದರ ಜಾಗದಲ್ಲಿಟ್ಟರು. ನಿಂಬಾಳ್ಕರ್ ಗಳಿಗೆ ಹೊತ್ತು ನಿಂತೇ ಇದ್ದ. ಆಮೇಲೆ ಬಂದು ಕಂದು, ನೀಲಿ, ಗುಲಾಬಿ, ಕಪ್ಪು ಎಲ್ಲವನ್ನೂ ಒಂದೊಂದಾಗಿ ಹಾಕಿ ಗೆದ್ದ.

ಕೈ ತೊಳೆಯುವಲ್ಲಿ ನಿಂಬಾಳ್ಕರ್ ಸಿಕ್ಕ. ಗೆದ್ದವನ ಮುಖದಲ್ಲಿ ಗೆಲುವಿರಲಿಲ್ಲ.

"ಏನು ಕಣ್ಣು ಸಾಹೇಬ್ ನಿಮ್ಮದು!" ಎಂದ ಮರಾಠಿಯಲ್ಲಿ. "ನನಗಂತೂ ಏನೂ ಕಾಣಲಿಲ್ಲ. ಆ ಶಾಟ್ ನೋಡಿ, ಸೋತೆ ಅಂತ ಕೈ ಕುಲುಕಲಿಕ್ಕೆ ಎದ್ದುಬಿಟ್ಟಿದ್ದೆ."

ನಲ್ಲಿ ಹರಿಯುತ್ತಲೇ ಇತ್ತು. ಸೋತವನು ಎದ್ದು ಬಂದು ಕೈ ಕೊಡುವುದನ್ನು ಮೂವತ್ತೊಂದು ವರ್ಷ ನೋಡಿದ ಮನುಷ್ಯನಿಗೆ, ಅವನು ಎದ್ದದ್ದು ಅದಕ್ಕಿರಬಹುದೆಂದು ಹೊಳೆದಿರಲಿಲ್ಲ. ಹೆದರಿಕೆಯಲ್ಲಿ ಇದ್ದವನಿಗೆ ಬೇರೆ ಏನು ಹೊಳೆದೀತು? ಕೇದಾರನಾಥರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಟೂರ್ನಿಯ ಮುಖ್ಯಸ್ಥರ ಕೋಣೆಯ ಬಾಗಿಲತನಕ ಹೋದರು. ಮೇಜಿನ ಮೇಲೆ ಫಲಿತಾಂಶದ ಹಾಳೆ ಇತ್ತು. ಹೃಷಿಕೇಶ ಸಹಿ ಹಾಕಿ ಹೋಗಿದ್ದ. "ಬೋಲಿಯೇ ಸಾಹೇಬ್," ಎಂದರು ಮುಖ್ಯಸ್ಥರು. ಹೇಳಬೇಕಾದ ಮಾತು ಸಿದ್ಧವಾಗಿತ್ತು. "ನಾಳೆ ನನಗೆ ಯಾವ ಟೇಬಲ್?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು ಹೊರಗೆ ಬಂದರು.

ಬಸ್ ಸ್ಟಾಪಿನಲ್ಲಿ ನಾಲ್ಕು ಗಂಟೆಯ ಬಿಸಿಲು. ಕ್ಯೂ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಹೃಷಿಕೇಶ ನಿಂತಿದ್ದ. ಇವರಿಗೆ ದೂರದಿಂದ ಗುರುತು ಹತ್ತಲಿಲ್ಲ. ಅವನೇ ಕರೆದ.

"ಬರ್ರಿ ಕಾಕಾ, ನೆರಳಿಗೆ ಬರ್ರಿ. ಈಗ ಕಾಕಾ ಅನ್ಬಹುದಲ್ರಿ? ಮ್ಯಾಚ್ ಮುಗೀತು."

"ಅನ್ನೋ ತಮ್ಮಾ."

"ಸಿಟ್ಟಿಲ್ರಿ ನಂಗ. ನೀವು ಬರೋಬರ್ ಹೇಳಿದ್ರಿ. ನನಗ ತಾಗಿದ್ದ ಗೊತ್ತಾಗ್ಲಿಲ್ರಿ, ಅದ ಚಿಂತಿ." ಎಡಗೈ ಮುಂದೆ ಚಾಚಿದ. "ಬುಟಿಬೋರಿ ಫ್ಯಾಕ್ಟರ್‍ಯಾಗ ಪ್ಯಾಕಿಂಗ್ ಮಾಡಿ ಮಾಡಿ ಬೆರಳು ಮರಗಟ್ಟ್ಯಾವೇನೋ. ಚೆಂಡು ತಾಗಿದ್ದೂ ತಿಳೀಲಾರದ ಕೈ ತೊಗೊಂಡು ಏನ್ ಆಡ್ಲ್ರಿ?"

"ಹಂಗ್ಯಾಕಂತಿ? ಬರೂ ವರ್ಷ..."

"ಇಲ್ರಿ. ಗೆದ್ದಿದ್ರ ರ್‍ಯಾಂಕಿಂಗಿನಾಗ ಒಂದು ವರ್ಷ ಜಾಗ ಸಿಗ್ತಿತ್ತು, ಫ್ಯಾಕ್ಟರಿಯವ್ರೂ ರಜಾ ಕೊಡ್ತಿದ್ರು. ಸೋತಿದ್ದು ಇದು ಮೂರನೇ ಸಲ. ಅವ್ವಗ ಈಗ ಫೋನ್ ಹಚ್ಚಿ ಹೇಳಿದೆ, ಇನ್ನ ಕೋಲು ಮುಟ್ಟಂಗಿಲ್ಲಂತ. ಅಕಿ ಅತ್ತಳು." ನಕ್ಕಂತೆ ಮಾಡಿದ. "ನಿಮ್ಮ ಕಣ್ಣು ಸುಳ್ಳು ಹೇಳಂಗಿಲ್ಲ, ನನ್ನ ಕೈ ಸುಳ್ಳು ಹೇಳ್ತು. ಅಷ್ಟ."

ಹೇಳಿಬಿಡು, ಈಗಲಾದರೂ ಹೇಳಿಬಿಡು ಎಂದು ಕೇದಾರನಾಥರು ತಮಗೆ ತಾವೇ ಹೇಳಿಕೊಂಡರು. ಕೋಟಿನ ಜೇಬಿನಲ್ಲಿದ್ದ ಕೈಗವಸನ್ನು ಹಿಂಡಿದರು. "ಬಿಸಿಲು ಭಾಳ ಐತಿ," ಎಂದರು. ಬಾಯಿಂದ ಬಂದದ್ದು ಅಷ್ಟೇ.

ಬಸ್ಸೊಂದು ಬಂದು ಇಬ್ಬರ ಎದುರಿಗೇ ನಿಂತಿತು. ಅದರ ಹಣೆಯ ಮೇಲೆ ಮೊಳದುದ್ದದ ಕೆಂಪು ಅಕ್ಷರಗಳು ಬಿಸಿಲಿನಲ್ಲೂ ಉರಿಯುತ್ತಿದ್ದವು.

"ಲಕ್ಷ್ಮೀ ನಗರದ್ದೇನೋ ತಮ್ಮಾ? ಬೋರ್ಡ್ ಏನೈತಿ ನೋಡು," ಎಂದರು ಕೇದಾರನಾಥರು. ಎರಡು ತಿಂಗಳಿಂದ ಬಸವೇಶ್ವರಿಯನ್ನು ಕೇಳಿ ಕೇಳಿ ರೂಢಿಯಾಗಿತ್ತು. ಮಾತು ತಾನೇ ಹೊರಬಿದ್ದಿತ್ತು.

ಹೃಷಿಕೇಶ ಬೋರ್ಡು ನೋಡಿದ. ಆಮೇಲೆ ಇವರ ಮುಖ ನೋಡಿದ. ಕೇದಾರನಾಥರು ಬೋರ್ಡಿನತ್ತ ನೋಡುತ್ತಿರಲಿಲ್ಲ, ಅದರಿಂದ ಒಂದು ಗೇಣು ಪಕ್ಕಕ್ಕೆ ನೋಡುತ್ತಿದ್ದರು.

"ಬುಟಿಬೋರಿ," ಎಂದ. ಕಾಕಾ ಅನ್ನಲಿಲ್ಲ.

"ಚಲಾ, ಲವಕರ್!" ಎಂದು ಅವಸರಪಡಿಸುತ್ತ ಕಂಡಕ್ಟರ್ ಬಾಗಿಲು ಬಡಿದ. ಹೃಷಿಕೇಶ ಹತ್ತಲಿಲ್ಲ. ಪೆಟ್ಟಿಗೆಯನ್ನು ಹೆಗಲಿನಿಂದ ಇಳಿಸಿ ಕಾಲ ಬಳಿ ನಿಲ್ಲಿಸಿದ. ಎಡಗೈಯನ್ನು ಎದೆಯ ಹತ್ತಿರ ತಂದುಕೊಂಡು, ಹೆಬ್ಬೆರಳಿನಿಂದ ಉಳಿದ ಬೆರಳುಗಳ ತುದಿಯನ್ನು ಒಂದೊಂದಾಗಿ ಮೆಲ್ಲಗೆ ಮುಟ್ಟತೊಡಗಿದ. ಬಸ್ಸು ಹೊರಟುಹೋಯಿತು.